ಮುಚ್ಚಳ ತೆಗೆಯುವ ಮುನ್ನ

ಭಾನುವಾರ, ಮಧ್ಯಾಹ್ನ

ಪರಮಪೂಜ್ಯ ಅಕ್ಕನವರ ಪಾದಗಳಿಗೆ ತರಲೆ ತಮ್ಮನ ದೀರ್ಘದಂಡ ನಮಸ್ಕಾರ.

ಕಾಗದ ತಡವಾಯಿತು, ಕ್ಷಮಾದಾನ ಮಾಡಬೇಕು. ಸೈಕಲ್ ಶಾಪಿನಲ್ಲಿ ಕೈಗೆ ಗ್ರೀಸು, ಮನೆಯಲ್ಲಿ ಕೈಗೆ ಸೋಪು. ಪೆನ್ನು ಹಿಡಿಯಲು ದೇವರು ಮೂರನೇ ಕೈ ಕೊಟ್ಟಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀಯ. ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಅವಳ ಕಿವಿ ಇನ್ನೂ ಭಾರೀ ಚುರುಕು.

ಮರೆವು ಜಾಸ್ತಿಯಾಗಿದೆ. ಹೋದ ವಾರ ಹೊಲಿಗೆ ಕತ್ತರಿಗಾಗಿ ನಾನು, ಚಿಕ್ಕಮ್ಮ ಸೇರಿ ಮನೆಯೆಲ್ಲ ಜಾಲಾಡಿದೆವು. ಫ್ರಿಜ್ಜಿನಲ್ಲಿ, ಹಾಲಿನ ಪಕ್ಕ ತಣ್ಣಗೆ ಕೂತಿತ್ತು. "ಅದಕ್ಕೂ ಸೆಕೆ ಆಗಲ್ವೇನೋ?" ಅಂದಳು ಅಮ್ಮ. ನಾನು ನಕ್ಕೆ, ಅವಳೂ ನಕ್ಕಳು. ಚಿಕ್ಕಮ್ಮ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಆದರೆ ರಾತ್ರಿ ಊಟದ ಪದ್ಧತಿ ಮಾತ್ರ ಅಮ್ಮ ಮರೆತಿಲ್ಲ. ಪಾತ್ರೆಯ ಮುಚ್ಚಳ ತೆಗೆಯುವ ಮೊದಲು, ಆ ದಿನ ಉಪಕಾರ ಮಾಡಿದವರೊಬ್ಬರನ್ನು ನೆನೆದು ಥ್ಯಾಂಕ್ಸ್ ಹೇಳಬೇಕು. ಚಿಕ್ಕಂದಿನಲ್ಲಿ ನಿನ್ನದು ಯಾವಾಗಲೂ ಟೀಚರು. ನನ್ನದು, "ಲೆಕ್ಕದ ಮೇಷ್ಟ್ರಿಗೆ ಜ್ವರ ದಯಪಾಲಿಸಿದ ಸೊಳ್ಳೆಯವರಿಗೆ ಅನಂತ ವಂದನೆಗಳು." ಹಿಂದೆಯೇ ಸೌಟಿನ ಏಟು. ಡಾಕ್ಟರು ಈ ಪದ್ಧತಿ ಕೇಳಿ, "ಬಿಡಲೇಬೇಡಿ. ಮನಸ್ಸು ಹಗುರಾಗುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ" ಅಂದರು. ಅವಳಿಗೇನೋ ಬರುತ್ತಿದೆ.

ಮನೆಯವರಿಗೆ ಥ್ಯಾಂಕ್ಸ್ ಹೇಳುವಂತಿಲ್ಲ ಅನ್ನೋ ಅನ್ಯಾಯದ ಕಾನೂನು ನೆನಪಿದೆ ತಾನೆ? ಅವಳು ಟೈಫಾಯ್ಡಲ್ಲಿ ಮಲಗಿ ಎದ್ದಾಗ, ಅಷ್ಟೂ ದಿನ ಪಾತ್ರೆ ತೊಳೆದ ನಾನು ಕೈಮುಗಿದು ನಿಂತು, "ಈ ಮಹಾನುಭಾವನಿಗೂ ಒಂದು ಥ್ಯಾಂಕ್ಸ್ ಆಗಲಿ ತಾಯೀ" ಅಂದಿದ್ದೆ. "ಅದೆಲ್ಲ ಹೊರಗಿನವರಿಗೆ ಕಣೋ, ಕತ್ತೆ. ಎಡಗೈ ಬಲಗೈಗೆ ಥ್ಯಾಂಕ್ಸ್ ಹೇಳುತ್ತಾ?" ಅಂದಳು. ಅವತ್ತಿನಿಂದ ದಿನಾ ಅರ್ಜಿ ಹಾಕುತ್ತಾ ಬಂದೆ, ದಿನಾ ಕತ್ತೆ ಅನ್ನಿಸಿಕೊಂಡು ಹೊಟ್ಟೆ ತುಂಬಾ ಉಂಡೆ.

ಅಮ್ಮ ನನ್ನ ನೆನಪು ಮಾಡ್ತಾಳಾ ಅಂತ ನೀನು ಕೇಳಿದ್ದೆ. ಬಾಗಿಲು ಸದ್ದಾದರೆ ಸಾಕು, "ಮಗಳು ಬಂದಳಾ?" ಅಂತಾಳೆ. ನಾನು ಒಳಗೆ ಬಂದರೆ ಮುಖ ಸಣ್ಣದಾಗುತ್ತದೆ. ರಜೆ ಕೊಡಲಿ ಅಂತ ಕಾಯಬೇಡ, ಜಗಳ ಮಾಡಿ ತಗೋ. ಇಷ್ಟು ತಡವಾಗಿ ಬಂದೆಯಾ ಅಂತ ಅವಳು ನಿನ್ನನ್ನು ಬೈಯುವಷ್ಟು ಬೇಗ ಬಾ ಅಕ್ಕಾ.

ವಯಸ್ಸಿನಲ್ಲಿ ಕಿರಿಯ, ಹೊಟ್ಟೆಯಲ್ಲಿ ಹಿರಿಯ. ಆ ಯೋಗ್ಯತೆಯ ಮೇಲೆ ಆಶೀರ್ವದಿಸುತ್ತೇನೆ: ಬಸ್ಸಿನಲ್ಲಿ ಕಿಟಕಿ ಸೀಟು ಪ್ರಾಪ್ತಿರಸ್ತು.

ಇಂತಿ ನಿನ್ನ,
ಕತ್ತೆ

ಇನ್ನೊಂದು ಮಾತು: ನನ್ನ ಅರ್ಜಿ ನಿನ್ನೆ ಮಂಜೂರಾಯಿತು. ತಟ್ಟೆ ಇಟ್ಟು, ನೀರು ಬಗ್ಗಿಸಿ, ಅಮ್ಮನ ಕೈ ತೊಳೆಸಿ ಕೂತೆ. ಅವಳು ಮುಚ್ಚಳದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಾ, "ನಿಮಗೆ ತುಂಬಾ ಥ್ಯಾಂಕ್ಸ್ ಕಣಪ್ಪ. ಯಾರ ಮಕ್ಕಳೋ ಏನೋ, ಎಷ್ಟು ಚೆನ್ನಾಗಿ ನೋಡ್ಕೋತೀರ. ಊಟ ಮಾಡ್ಕೊಂಡು ಬೇಗ ಹೊರಡಿ, ನಿಮ್ಮಮ್ಮ ಕಾಯ್ತಿರ್ತಾರೆ" ಅಂದಳು. ಒಂದು ಸಲ ಕತ್ತೆ ಅನ್ನಲಿ ಅಂತ, ಬೇಕೆಂದೇ ತಟ್ಟೆಯನ್ನು ನೆಲಕ್ಕೆ ಬೀಳಿಸಿದೆ.

"ಪರವಾಗಿಲ್ಲ, ಬಿಡಿ" ಅಂದಳು.