ಒಂದೇ ಬಟನ್ನಿನ ಹರಿಗೋಲು

ನಂಜನಗೂಡು
12 ಫೆಬ್ರವರಿ 2006

ಅಪ್ಪನಿಗೆ ಧನು ಮಾಡುವ ನಮಸ್ಕಾರ.

ಕಾಲೇಜಿನ ಕಂಪ್ಯೂಟರ್ ಗೇಮ್ ಸ್ಪರ್ಧೆಯಲ್ಲಿ ನನಗೇ ಮೊದಲ ಬಹುಮಾನ. ಹಳೇ ವಿಡಿಯೋ ಗೇಮಿನ ಹಾಗೆ ಬರೀ ಕಪ್ಪು ಬಿಳುಪು, ಆಡಲು ಒಂದೇ ಬಟನ್ ಎಂದು ಷರತ್ತು ಹಾಕಿದ್ದರು. ಒಂದೇ ಬಟನ್ನಿನಲ್ಲಿ ಎತ್ತ ತಿರುಗುವುದು ಎಂದು ಎಲ್ಲರೂ ಗೊಣಗಿದರು. ನನಗೆ ಮಾತ್ರ, ನೀನು ಹೊಳೆಯ ನಡುವೆ ಹರಿಗೋಲಿನ ಹುಟ್ಟು ಕೈಗೆ ಕೊಟ್ಟು ಹೇಳಿದ್ದು ನೆನಪಾಯಿತು: "ಅರಿಗೋಲು ಸುತ್ಕಳ್ಲಿ ಬುಡವ್ವ. ನಿನ್ ಮೊಕ ದಡದ ಕಡೀಕ್ ತಿರುಗ್ದಾಗ ಜೋರಾಗ್ ಒಂದ್ಸಲ ಎಳಿ."

ಅದೇ ನನ್ನ ಆಟವಾಯಿತು. ಹರಿಗೋಲು ತಾನಾಗಿ ಸುತ್ತುತ್ತದೆ, ಸರಿಯಾದ ಗಳಿಗೆಗೆ ಒತ್ತಿದರೆ ದಾಟುತ್ತದೆ. ತೀರ್ಪುಗಾರರೆಲ್ಲ ನಡುಹೊಳೆಯಲ್ಲಿ ಮುಳುಗಿ, ಇನ್ನೊಂದು ಸಲ ಎಂದು ಮತ್ತೆ ಮತ್ತೆ ಆಡಿದರು.

ಸೇತುವೆ ಆದಾಗಿನಿಂದ ಹರಿಗೋಲನ್ನು ಹಿತ್ತಲಲ್ಲಿ ಕವುಚಿಟ್ಟು ಸುಮ್ಮನೆ ಕೂತಿದ್ದೀಯ. ಶನಿವಾರ ನರಸೀಪುರದಲ್ಲಿ ಬಸ್ಸು ಹತ್ತಿ ಬಾ, ನೀನೂ ಆಡು. ನನ್ನ ಹೊಳೆಗೆ ನಾನು ಸೇತುವೆ ಕಟ್ಟಿಲ್ಲ.

ನಿನ್ನ ಮಗಳು,
ಧನುಶ್ರೀ