ಆಡು ಕಾಯುವವನು ಕಂಡ ಕಾಳು

ತಳಕಲ್ಲು,
೧೨ ನವೆಂಬರ್ ೧೯೩೮, ಶನಿವಾರ

ಸಮುದ್ರದಾಚೆ ಏಡನ್ನಿನಲ್ಲಿರುವ ನಮ್ಮ ಮನೆಯವರಿಗೆ ದುರಗಮ್ಮನ ನಮಸ್ಕಾರಗಳು.

ಮೊದಲು ನಿಮ್ಮ ಮೈ ಹೇಗಿದೆ, ತಿಳಿಸಿರಿ. ಅಲ್ಲಿ ಕುಡಿಯುವ ನೀರನ್ನೂ ಕೊಂಡೇ ತರಬೇಕೆಂದು ಬರೆದಿದ್ದಿರಿ, ಓದಿ ನನ್ನ ಗಂಟಲೇ ಒಣಗಿತು. ಜ್ವರ ಪೂರ್ತಿ ಬಿಟ್ಟಿತೇ? ಕಾಫಿ ಗೋದಾಮಿನ ಧೂಳು ನಿಮ್ಮ ಕೆಮ್ಮಿಗೆ ಆಗಿಬರುವುದಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಗುಮಾಸ್ತರು ಹೀಗೆ ಕಟ್ಟಿಕೊಂಡರೆ ನಗುವವರು ನಗಲಿ, ಕೆಮ್ಮುವವರು ಅವರಲ್ಲವಲ್ಲ. ಇಲ್ಲಿ ನಾನೂ ಮಾವನವರೂ ಚೆನ್ನಾಗಿದ್ದೇವೆ. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿದೆ. ನಿಮ್ಮ ಅಪ್ಪನ ಸೊಂಟನೋವು ಕಡಿಮೆಯೂ ಆಗಿಲ್ಲ, ಹೆಚ್ಚೂ ಆಗಿಲ್ಲ. ಕೇಳಿದರೆ ಮಾತ್ರ "ನನಗೇನ್ ಆಗೇತಿ, ಆರಾಮ ಅದೀನಿ" ಎನ್ನುತ್ತಾರೆ. ಸುಳ್ಳು ಹೇಳುವುದರಲ್ಲಿ ಅಪ್ಪ ಮಗ ಇಬ್ಬರೂ ಒಂದೇ.

ನಿಮ್ಮ ಕಾಗದವೂ ಕಾಫಿ ಕಾಳಿನ ಗಂಟೂ ಏಡನ್ನಿನಿಂದ ಬಂದ ಗದಗಿನವರ ಕೈಯಿಂದ ದೀಪಾವಳಿ ಮುಗಿದ ಮೂರನೆಯ ದಿನ ಬಂದವು. ಕಟ್ಟೆಯ ಮೇಲೆ ಕೂತು ಮಾವನವರಿಗೆ ಓದಿ ಹೇಳಿದೆ. ಅದರಲ್ಲಿ ಎರಡು ಸಂಗತಿ ಇದ್ದವು. ಒಂದು ನಿಮ್ಮ ಅಪ್ಪಣೆ: ಗುಮಾಸ್ತನ ತಂದೆ ಕಂಬಳಿ ಹೊದ್ದು ಆಡಿನ ಹಿಂದೆ ಗುಡ್ಡ ತಿರುಗಿದ್ದು ಸಾಕು, ಹಿಂಡನ್ನು ಕುಕನೂರಿನ ದೇವೇಂದ್ರಪ್ಪ ಸಾವುಕಾರರಿಗೆ ಮಾರಿ ಕೊಪ್ಪಳದಲ್ಲಿ ಮನೆ ಹಿಡಿಯಿರಿ. ಇನ್ನೊಂದು, ಬೇಸರ ಕಳೆಯಲೆಂದು ನೀವು ಬರೆದ ಕಾಫಿಯ ಕಥೆ. ನಿಜ ಹೇಳುತ್ತೇನೆ, ಅಪ್ಪಣೆ ಕೇಳಿ ನನಗೆ ಸಂತೋಷವೇ ಆಯಿತು. ಕೊಪ್ಪಳದಲ್ಲಿ ಮನೆ, ಬಾಗಿಲ ಮುಂದೆಯೇ ಬಾವಿ, ಹಿಕ್ಕೆ ಬಳಿಯುವ ಕೆಲಸವಿಲ್ಲ. ನನಗೂ ಮನಸ್ಸಿದೆ. ಮಾವನವರು ಮಾತ್ರ "ಮಗ ಬರದಾನಂದ್ರ ಆತು" ಎಂದು ಎದ್ದು ಹೋಗಿ ದೊಡ್ಡಿಯ ಹತ್ತಿರ ಕೂತರು. ಅಂದು ಮಾಡಿದ ರೊಟ್ಟಿ ಹಾಗೇ ಉಳಿಯಿತು. ಮರುದಿನವೇ ಸಾವುಕಾರರಿಗೆ ಹೇಳಿಕಳಿಸಿದರು. ಅವರು ಬರುವ ಸೋಮವಾರ ಬರುತ್ತೇನೆಂದರು.

ನಡುವೆ ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ನಿಮ್ಮ ಕಥೆ ಅವರ ತಲೆಗೆ ಹೊಕ್ಕಿತು. ಏಡನ್ನಿನ ಎದುರು ದಂಡೆಯ ಹಬಶಿಗಳ ದೇಶದಲ್ಲಿ ಒಬ್ಬ ಆಡು ಕಾಯುವವನಿದ್ದ, ಅವನ ಆಡುಗಳು ಯಾವುದೋ ಗಿಡದ ಕೆಂಪು ಹಣ್ಣು ತಿಂದು ಕುಣಿಯತೊಡಗಿದವು, ಅದನ್ನು ನೋಡಿ ಅವನೂ ತಿಂದ, ಹೀಗೆ ಕಾಫಿ ಲೋಕಕ್ಕೆ ಗೊತ್ತಾಯಿತೆಂದು ಅಲ್ಲಿಯವರು ಹೇಳುತ್ತಾರೆಂದು ಬರೆದಿದ್ದಿರಲ್ಲ, ಅಲ್ಲಿಂದ ಹಿಡಿದು ಕಥೆಯ ಕೊನೆಯವರೆಗೆ ನನ್ನಿಂದ ಮೂರು ಸಲ ಓದಿಸಿದರು. ಶುಕ್ರವಾರ ಬೆಳಿಗ್ಗೆ ನೋಡಿದರೆ ಗಂಟು ಸಡಿಲವಾಗಿದೆ. ಎರಡು ಬೊಗಸೆ ಕಾಳು ಕಾಣೆ. ಯಾರು ಒಯ್ದರೆಂದು ನಾನು ಊರನ್ನೆಲ್ಲ ಬೈಯುತ್ತಿದ್ದರೆ, ನಿಮ್ಮ ಅಪ್ಪ ಅಲ್ಲಿ ಗುಡ್ಡದ ಮೇಲೆ ನಮ್ಮ ಕೆಂಚಿ ಆಡಿಗೆ ಕಾಫಿ ಕಾಳು ತಿನ್ನಿಸುತ್ತ ಕೂತಿದ್ದಾರೆ. ಕೆಂಚಿ ಅರ್ಧ ಉಗುಳಿತಂತೆ, ಅರ್ಧ ಅಗಿಯಿತಂತೆ. ಬಿಸಿಲು ಇಳಿಯುವವರೆಗೂ ಅದರ ಕಾಲನ್ನೇ ನೋಡುತ್ತ ಕೂತರೂ ಅದು ಕುಣಿಯಲಿಲ್ಲ. ಬಂದವರೇ ಕೋಲನ್ನು ಮೂಲೆಗೆ ಒಗೆದು, "ನಮ್ಮ ಆದೆಪ್ಪ ಸುಳ್ಳು ಬರದಾನ. ಆಡು ಕಾಯಾವ್ರನ್ನ ನೋಡಿ ಎಲ್ಲಾರೂ ನಗ್ತಾರ, ಇವನೂ ನಕ್ಕ" ಎಂದರು. ಅವರ ಮುಖ ನೋಡಲಾಗಲಿಲ್ಲ. ಆಗ ನಿಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ.

ಅಷ್ಟರಲ್ಲಿ ಮಗ್ಗಲ ಮನೆಯ ಸರ್ದಾರಬೀ ಅವ್ವ ಕೆಂಡ ಕೇಳಲು ಬಂದಳು. ಅವಳ ಗಂಡ ಹೈದರಾಬಾದಿನಲ್ಲಿ ನಿಜಾಮರ ಅರಬ ಸಿಪಾಯಿಗಳಿಗೆ ಅಡುಗೆ ಮಾಡುತ್ತಿದ್ದದ್ದು ನಿಮಗೆ ಗೊತ್ತೇ ಇದೆ. ಕಾಳು ನೋಡಿದ್ದೇ ತಡ, ಮಾವನವರ ಕಡೆ ತಿರುಗಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅಯ್ಯ ಗ್ಯಾನಪ್ಪ, ಇದು ಅರಬರು ಕುಡಿಯಾ ಕಹವಾ ಅಲ್ಲೇನ? ಆಡು ತಿಂದದ್ದು ಗಿಡದ ಮ್ಯಾಲಿನ ಹಣ್ಣು. ಇದು ಒಣಗಿದ ಬೀಜ. ಮಾವಿನ ವಾಟೆ ತಿಂದು ಹಣ್ಣು ಸೀ ಇಲ್ಲ ಅಂದ್ರ ಹೆಂಗ?" ಎಂದಳು. ಅರಬರೂ ತನ್ನ ಗಂಡನ ಮುಂದೆ ಆ ಆಡಿನ ಕಥೆಯನ್ನೇ ಹೇಳುತ್ತಿದ್ದರೆಂದು ಆಣೆ ಮಾಡಿದಳು. ಮಾವನವರು ಎದ್ದು ಕೂತರು. ಆಮೇಲೆ ಅವಳೇ ಒಲೆಯ ಮುಂದೆ ಕೂತು, ರೊಟ್ಟಿಯ ಹಂಚಿನ ಮೇಲೆ ಕಾಳನ್ನು ಹುರಿದಳು. ಹಸಿರಿದ್ದದ್ದು ಹಳದಿಯಾಯಿತು, ಕಂದಾಯಿತು, ಚಟಪಟ ಸಿಡಿಯಿತು. ಆ ವಾಸನೆಗೆ ಓಣಿಯ ಜನವೆಲ್ಲ ಬಾಗಿಲಿಗೆ ಬಂದರು. ನಾನು ಕಲ್ಲಿನಲ್ಲಿ ಬೀಸಿ, ಕುದಿಸಿ, ಬಟ್ಟೆಯಲ್ಲಿ ಸೋಸಿದೆ. ಹಬಶಿಗಳು ಕೆಲವರು ಉಪ್ಪು ಹಾಕಿ ಕುಡಿಯುತ್ತಾರೆಂದು ನೀವು ಬರೆದಿದ್ದರಿಂದ ನಿಮ್ಮ ಅಪ್ಪ ಮೊದಲ ಬಟ್ಟಲಿಗೆ ಉಪ್ಪನ್ನೇ ಹಾಕಿಸಿಕೊಂಡರು. ಎರಡನೆಯದಕ್ಕೆ ಯಾರೂ ಹೇಳದೆ ಬೆಲ್ಲ ಕೇಳಿದರು. ಮೂರನೆಯದಕ್ಕೆ ತಾವೇ ಹೋಗಿ ಕೆಂಚಿಯ ಹಾಲು ಹಿಂಡಿ ತಂದರು. ಆಡಿನ ಹಾಲಿನ ಕಾಫಿ ನೀವು ಅಲ್ಲಿ ಕುಡಿದಿದ್ದೀರೋ ಇಲ್ಲವೋ, ನಾನು ಕುಡಿದೆ. ಇನ್ನೊಂದು ಬಟ್ಟಲು ಇದ್ದಿದ್ದರೆ ಅದನ್ನೂ ಕುಡಿಯುತ್ತಿದ್ದೆ.

ಕುಡಿದು ಮುಗಿಸಿ ಮಾವನವರು ಒಂದು ಮಾತು ಕೇಳಿದರು. "ದುರಗಮ್ಮ, ಹಬಶಿ ದೇಶದಾಗ ರಾಜಾ ಇದ್ದ, ಸಾವಕಾರ ಇದ್ದ, ಓದಿದಾವ್ರು ಇದ್ರು. ಆ ಗಿಡ ಎಲ್ಲಾರ ಕಣ್ಣಾಗೂ ಬಿದ್ದಿರತೈತಿ. ಅವರಿಗ್ಯಾಕ ಗೊತ್ತಾಗಲಿಲ್ಲ?" ಉತ್ತರಕ್ಕೆ ಕಾಯದೆ ತಾವೇ, "ಯಾಕಂದ್ರ ಆಡು ಏನ್ ತಿಂತೈತಿ ಅಂತ ದಿನಾ ನೋಡಾಂವ ಅವನೊಬ್ಬನ" ಎಂದರು. ಆಗ ನನಗೆ ಈ ಮನುಷ್ಯ ಯಾರೆಂದು ಹೊಳೆಯಿತು. ಹಾವು ಕಡಿದರೆ, ಹೊಟ್ಟೆಯುಬ್ಬರ ಬಂದರೆ, ಸುತ್ತ ನಾಲ್ಕು ಊರಿನವರು ಇವರನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಸೊಪ್ಪು ಯಾವುದಕ್ಕೆ ಎಂದು ಇವರಿಗೆ ಯಾವ ಪಂಡಿತನೂ ಕಲಿಸಲಿಲ್ಲ, ಆಡುಗಳೇ ಕಲಿಸಿದ್ದು. ಈ ಮನೆಗೆ ಬಂದು ಎಂಟು ವರ್ಷವಾದರೂ ನಾನು ಅದನ್ನು ವಿದ್ಯೆ ಎಂದುಕೊಂಡಿರಲಿಲ್ಲ. ಗದಗಿನ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಓದಿದ ನಾನೇ ದೊಡ್ಡ ವಿದ್ಯಾವಂತೆ ಎಂದುಕೊಂಡಿದ್ದೆ. ನಾಚಿಕೆಯಾಯಿತು, ಆಮೇಲೆ ಹೆಮ್ಮೆಯೂ ಆಯಿತು.

ಸೋಮವಾರ ದೇವೇಂದ್ರಪ್ಪನವರು ಹಿಂಡು ಹೊಡೆದುಕೊಂಡು ಹೋಗಲು ಇಬ್ಬರು ಆಳುಗಳ ಸಮೇತ ಬಂದರು. ನಮ್ಮ ಮನೆತನದ ಪದ್ಧತಿ ನೀವು ಮರೆತಿರಲಿಕ್ಕಿಲ್ಲ. ಇಡೀ ಹಿಂಡು ಮಾರುವ ದಿನ ಮುಂಜಾನೆ ಹಿಂಡಿದ ಹಾಲನ್ನು ಏನೂ ಬೆರೆಸದೆ ಮಾರುವವನು ತನ್ನ ಕೈಯಾರೆ ಕೊಳ್ಳುವವನಿಗೆ ಕುಡಿಸಬೇಕು. ಹಾಲು ಕುಡಿಸುವ ತನಕ ಅದು ಬರೀ ಮಾತು, ಕುಡಿಸಿದ ಮೇಲೆ ಹಿಂಡು ಅವರದು. ಅದು ಸಾವುಕಾರರಿಗೂ ಗೊತ್ತು. ಮಾವನವರು ಹೊಸ ಕಂಬಳಿ ಹಾಸಿ ಕೂಡಿಸಿ, ನನಗೆ ಕಣ್ಸನ್ನೆ ಮಾಡಿದರು. ನಾನು ಕಾಫಿ ತಂದಿಟ್ಟೆ. ಹಾಲು ಬೆರೆತದ್ದಕ್ಕೆ ಮೈಲಿಗೆಯ ಅಡ್ಡಿಯಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಸಾವುಕಾರರು ಕುಡಿದರು. ಗದಗಿನ ಹೋಟೆಲಿನ ಕಾಫಿಯೂ ಇದರ ಮುಂದೆ ಏನಲ್ಲ ಎಂದರು. ನಿಮ್ಮ ಅಪ್ಪ ಅದಕ್ಕೇ ಕಾದಿದ್ದರು. "ಇದು ಎಲ್ಲಿಂದ ಬಂತು ಗೊತ್ತೈತೇನ್ರಿ?" "ಮೈಸೂರು ಸೀಮಿಯಿಂದ, ಇನ್ನೆಲ್ಲಿಂದ." "ಮೈಸೂರಿಗೆ ಎಲ್ಲಿಂದ ಬಂತ್ರಿ?" ಸಾವುಕಾರರು ಬಟ್ಟಲು ಕೆಳಗಿಟ್ಟರು.

ಆಮೇಲೆ ನೀವು ಇರಬೇಕಿತ್ತು. ಸಹಿ ಹಾಕಲು ಬಾರದ ನಿಮ್ಮ ಅಪ್ಪ ನಿಮ್ಮ ಕಾಗದವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಹಬಶಿ ದೇಶದಿಂದ ಕಾಳು ಸಮುದ್ರ ದಾಟಿ ಅರಬರ ಕಡೆ ಬಂದದ್ದು, ಅಲ್ಲಿ ಫಕೀರರು ಪ್ರಾರ್ಥನೆಯಲ್ಲಿ ತೂಕಡಿಸಬಾರದೆಂದು ಅದನ್ನು ಕುಡಿದದ್ದು, ಬೇರೆ ಕಡೆ ಮೊಳೆಯಬಾರದೆಂದು ಕಾಳನ್ನು ಬೇಯಿಸಿಯೇ ಮೋಕಾ ಬಂದರಿನಿಂದ ಹೊರಗೆ ಬಿಡುತ್ತಿದ್ದದ್ದು, ಬಾಬಾಬುಡನ್ ಎಂಬ ಸಾಧು ಏಳು ಹಸಿ ಕಾಳನ್ನು ಬಚ್ಚಿಟ್ಟುಕೊಂಡು ತಂದು ಮೈಸೂರು ಸೀಮೆಯ ಗುಡ್ಡದಲ್ಲಿ ಬಿತ್ತಿದನೆಂದು ಜನ ಹೇಳುವುದು, ಲಂಡನ್ನಿನಲ್ಲಿ ವ್ಯಾಪಾರಸ್ಥರು ಕಾಫಿ ಅಂಗಡಿಯಲ್ಲೇ ಕೂತು ಹಡಗುಗಳ ವ್ಯವಹಾರ ಮಾಡುತ್ತಿದ್ದದ್ದು, ಎಲ್ಲ. ಫ್ರೆಂಚರವನೊಬ್ಬ ಒಂದು ಸಸಿಯನ್ನು ಹಡಗಿನಲ್ಲಿ ಒಯ್ಯುವಾಗ ನೀರು ಸಾಲದೆ ತನ್ನ ಪಾಲಿನ ನೀರನ್ನೇ ಅದಕ್ಕೆ ಹಾಕಿ ಬದುಕಿಸಿದನೆಂಬ ಮಾತು ಬಂದಾಗ ಮಾತ್ರ ನಿಂತು, "ಹಂಗಾದ್ರ ಅವನೂ ಮರಿ ಸಾಕಿದಾಂವನ ಇರಬೇಕು" ಎಂದು ತಮ್ಮದೊಂದನ್ನು ಸೇರಿಸಿದರು. ಸಾವುಕಾರರ ಆಳುಗಳು ಬಾಯಿ ತೆರೆದು ಕೇಳುತ್ತಿದ್ದರು. ಕಂಬದ ಹಿಂದೆ ನಿಂತ ನನಗೆ ಕಣ್ಣಲ್ಲಿ ನೀರು ಬಂತು.

ಕೊನೆಗೆ ಸಾವುಕಾರರು ಬಿಸಿಲೇರಿತೆಂದು ಎದ್ದು, "ಹಾಲು ಎಲ್ಲಿ ಗ್ಯಾನಪ್ಪ? ಕುಡಿಸು, ಹೊಂಡತೀನಿ" ಎಂದರು. ನಿಮ್ಮ ಅಪ್ಪ ಕೈಮುಗಿದು, "ಇವತ್ತಿನ ಹಾಲು ಒಂದು ಹನಿ ಉಳೀದಂಗ ಕಾಫಿಗೆ ಹೋತ್ರಿ" ಎಂದರು. ಸಾವುಕಾರರು ತಿಳಿಯದವರಲ್ಲ. ಮುಖ ಕೆಂಪಗಾಯಿತು. "ಹಿಂಡು ಮಾರು ಅಂತ ನಿನ್ನ ಮಗಾನ ಬರದಾನಲ್ಲೋ" ಎಂದರು. "ನನ್ನ ಮಗ ಎರಡು ಬರದಾನ್ರಿ. ಹಿಂಡು ಮಾರು ಅಂತ ಒಂದು, ಆಡು ಕಾಯಾಂವನ ಕಥಿ ಒಂದು. ನಾ ಕಥಿ ಇಟ್ಕೊಂಡೆ." ಸಾವುಕಾರರು ಪುಣ್ಯಕ್ಕೆ ನಕ್ಕರು. ಹೋಗುವಾಗ ಒಂದು ಹಿಡಿ ಹುರಿದ ಕಾಳು ಕೇಳಿ ರುಮಾಲಿನ ಚುಂಗಿಗೆ ಕಟ್ಟಿಕೊಂಡು ಹೋದರು.

ನಿಮಗೆ ಸಿಟ್ಟು ಬರಬಹುದು. ಬಂದರೆ ನನ್ನ ಮೇಲೆ ಮಾಡಿಕೊಳ್ಳಿರಿ, ಬೆಳಿಗ್ಗೆ ಹಾಲನ್ನು ಕಾಫಿಗೆ ಸುರಿದ ಕೈ ನನ್ನದು. ಕೊಪ್ಪಳದ ಮನೆಯ ಆಸೆಯನ್ನೂ ಅದರ ಜೊತೆಗೇ ಸುರಿದೆ. ನೀವು ಆ ಕಥೆಯನ್ನು ನಗಲೆಂದು ಬರೆದಿರಿ. ಓದಿದ ನಾವು ಮಾತ್ರ ನಗಲಿಲ್ಲ.

ಸರ್ದಾರಬೀ ಅವ್ವ ನಿಮಗೆ ದುವಾ ಹೇಳಿದ್ದಾಳೆ. ಮಾವನವರು ನಿಮ್ಮ ತಲೆಯ ಮೇಲೆ ಕೈಯಿಟ್ಟೆನೆಂದು ಬರೆಯಲು ಹೇಳಿದರು. ಮೈ ಜೋಪಾನ, ಊಟ ಬಿಡಬೇಡಿರಿ, ಬಂದರಿನ ಕಡೆ ಹೊತ್ತು ಮೀರಿ ತಿರುಗಬೇಡಿರಿ.

ನಿಮ್ಮವಳೇ ಆದ
ದುರಗಮ್ಮ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೆಲಸ ಕಾಯಂ ಆಗಲು ತಂದೆಯ ಹೆಬ್ಬೆಟ್ಟು ಬೇಕೆಂದು ಕಂಪನಿಯ ಕಾಗದ ಕಳಿಸಿದ್ದಿರಲ್ಲ, ಅದು ನಿನ್ನೆ ಬಂತು. ಪ್ರತಿ ಸಾಲಿನ ಕೆಳಗೆ ನೀವು ಕನ್ನಡದಲ್ಲಿ ಅರ್ಥ ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. "ತಂದೆಯ ಉದ್ಯೋಗ: ವ್ಯಾಪಾರ" ಎಂದು ಓದಿದಾಗ ಅವರ ಹೆಬ್ಬೆಟ್ಟಿಗೆ ಆಗಲೇ ಮಸಿ ಹಚ್ಚಿಯಾಗಿತ್ತು. ಅದನ್ನು ಕಂಬಳಿಗೆ ಒರೆಸಿಕೊಂಡು, "ಇದು ಯಾರ ಅಪ್ಪಂದೋ ಐತಿ. ನಂದು ಬರದು ಕಳಸಲಿ, ಒತ್ತತೀನಿ" ಎಂದರು. ಕಾಗದವನ್ನು ಇದರೊಳಗೇ ಇಟ್ಟಿದ್ದೇನೆ. ವ್ಯಾಪಾರ ಎಂಬುದನ್ನು ನಾನೇ ಹೊಡೆದುಹಾಕಿದ್ದೇನೆ. ಅವರು ಏನು ಮಾಡುತ್ತಾರೆ ಎಂಬುದನ್ನು ನೀವು ನಿಮ್ಮ ಕೈಯಿಂದ ಬರೆದು ಕಳಿಸಿರಿ.