ಗೋಡೆಯ ಮೇಲೆ ನಿಮ್ಮ ನೆರಳು

ಬೀಗದ ಮಾಮನಿಗೆ,

ಯಾವ ಮುಖ ಹೊತ್ತು ನಿಮ್ಮೆದುರು ನಿಲ್ಲಲಿ ಎಂದು ತಿಳಿಯದೆ ಈ ಕಾಗದ ಬರೆಯುತ್ತಿದ್ದೇನೆ. ಬೀದಿಯ ಮಕ್ಕಳೆಲ್ಲ ನಿಮ್ಮನ್ನು ಬೀಗದ ಮಾಮ ಎಂದೇ ಕರೆಯುತ್ತಿದ್ದೆವಲ್ಲ, ಕೈಗೆ ಅದೇ ಬಂತು. ಸಲಿಗೆ ಹೆಚ್ಚಾಯಿತು ಅನ್ನಿಸಿದರೆ ಬೈಯಿರಿ. ಬೈಸಿಕೊಂಡರೆ ಮನಸ್ಸು ಒಂದಿಷ್ಟು ಹಗುರಾದೀತು.

ಅಂಚೆ ಕಚೇರಿಯ ಗೋಡೆಗೊರಗಿ ಪೆಟ್ಟಿಗೆ ತೆರೆದು ಕೂತಿರುತ್ತಿದ್ದ ನಿಮ್ಮನ್ನು ನೋಡಿಕೊಂಡೇ ಬೆಳೆದವಳು ನಾನು. ಮನೆಯ ಬೀಗದಕೈ ಕಳೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅಣ್ಣನ ಬೀಗದಕೈ ಕದ್ದು ತಂದು, ಅಳುತ್ತ ನಿಮ್ಮೆದುರು ನಿಲ್ಲುತ್ತಿದ್ದೆ. "ಅಮ್ಮಂಗೆ ಹೇಳಲ್ಲ ಬಿಡು, ಮೂಗು ಒರೆಸ್ಕೋ ಮೊದ್ಲು," ಅನ್ನುತ್ತ ಅದರಂತೆಯೇ ಇನ್ನೊಂದು ಮಾಡಿಕೊಡುತ್ತಿದ್ದಿರಿ. ಅಮ್ಮನಿಗೆ ಗೊತ್ತಾಗದೆ ಇರುತ್ತಿರಲಿಲ್ಲ. ಹೊಸದು ಫಳಫಳ ಹೊಳೆಯುತ್ತಿದ್ದರೆ ಯಾರಿಗೆ ತಾನೇ ತಿಳಿಯದು?

ಕೆಲವೇ ದಿನ ಇರುವಂಥ ಚಿತ್ರಗಳನ್ನು ಬೀದಿಗಳಲ್ಲಿ ಬರೆಯಿರಿ ಎಂದು ಈ ಸಲ ನಗರಸಭೆಯವರು ಕಲಾವಿದರನ್ನು ಕರೆದಾಗ ನಾನು ನಮ್ಮ ಬೀದಿಯನ್ನೇ ಆರಿಸಿಕೊಂಡೆ. ಇಲ್ಲಿಂದ ಮಾಯವಾದವುಗಳ ನೆರಳನ್ನು ಇದ್ದಿಲ ಪುಡಿಯಲ್ಲಿ ಬರೆಯುವುದು ನನ್ನ ಯೋಚನೆ. ಕಡಿದ ಮರದ್ದು, ಕಿತ್ತುಹಾಕಿದ ಟೆಲಿಫೋನ್ ಬೂತಿನದು. ನೀರು ಸುರಿದರೆ ಎಲ್ಲವೂ ಹೋಗಬೇಕು. ನಿಮ್ಮ ಜಾಗವೂ ಬಹಳ ದಿನದಿಂದ ಖಾಲಿಯಿತ್ತು, ಬೆನ್ನು ಬಾಗಿಸಿ ಕೂತ ನಿಮ್ಮ ನೆರಳನ್ನೂ ಬರೆದೆ. ನೀವು ಎಲ್ಲಿಗೆ ಹೋದಿರಿ ಎಂದು ಒಬ್ಬರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಚಿತ್ರ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು; ನೀವು ಚೆನ್ನಾಗಿದ್ದೀರಿ ಎಂದು ಯಾರಾದರೂ ಹೇಳಿಬಿಟ್ಟಿದ್ದರೆ ಅದು ಕೆಡುತ್ತಿತ್ತು. ಬರೆಯಲು ಕೈ ಬರುತ್ತಿಲ್ಲ, ಆದರೆ ನಿಜ.

ಮರವನ್ನೂ ಬೂತನ್ನೂ ಯಾರೂ ತಿರುಗಿ ನೋಡಲಿಲ್ಲ. ನಿಮ್ಮ ನೆರಳಿನ ಮುಂದೆ ಮಾತ್ರ ಮರುದಿನವೇ ಯಾರೋ ಮೇಣದಬತ್ತಿ ಹಚ್ಚಿಟ್ಟರು. ಆಮೇಲೆ ಹೂವು ಬಂತು. ನೀವು ಮಾಡಿಕೊಟ್ಟ ಹಳೆಯ ಬೀಗದಕೈಗಳನ್ನು ದಾರಕ್ಕೆ ಪೋಣಿಸಿ ತೂಗುಹಾಕಿದರು. ನಿಮ್ಮೊಡನೆ ಗಂಟಲು ಹರಿಯುವಂತೆ ಚೌಕಾಸಿ ಮಾಡುತ್ತಿದ್ದ ಬೇಕರಿಯಮ್ಮ, "ದೇವರಂಥ ಮನುಷ್ಯ, ಯಾರಿಗೂ ಒಂದ್ ಮಾತು ಅಂದೋರಲ್ಲ," ಎಂದು ಕಣ್ಣೊರೆಸಿಕೊಂಡರು. ನೀವು ಅವರಿಗೆ ಅಂದದ್ದನ್ನೆಲ್ಲ ನಾನು ಕಿವಿಯಾರೆ ಕೇಳಿದ್ದೇನೆ! ಮೋಡ ಕವಿದ ದಿನ ಬೀದಿಯವರೇ ಚಿತ್ರಕ್ಕೆ ಪ್ಲಾಸ್ಟಿಕ್ ಹೊದಿಸಿದರು. ಪತ್ರಿಕೆಯವರು ಬಂದು ಫೋಟೋ ತೆಗೆದರು. ನಾನು ಉಬ್ಬಿಹೋದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ನೀವು ಬಂದಿರಿ, ಕೈಯಲ್ಲಿ ಪೆಟ್ಟಿಗೆ, ಕಣ್ಣಿಗೆ ಹೊಸ ಕನ್ನಡಕ. ಬೇಕರಿಯಮ್ಮ ಕೈಲಿದ್ದ ತಟ್ಟೆ ಬಿಟ್ಟರು. "ಅಯ್ಯೋ, ನೀವಾ! ಸತ್ತೇಹೋದ್ರಿ ಅಂದ್ಕೊಂಡಿದ್ವಲ್ಲ!"

"ಕಣ್ಣಿನ ಆಪರೇಷನ್ ಆಗಿ ಮಗಳ ಮನೇಲಿದ್ದೆ. ಉಪ್ಪಿಲ್ಲದ ಊಟ ಹಾಕ್ತಾಳೆ, ಅದಕ್ಕೆ ಓಡ್ಬಂದೆ," ಅಂದಿರಿ. ಎಲ್ಲರೂ ನಕ್ಕರು. ಕನ್ನಡಕ ಸರಿಮಾಡಿಕೊಂಡು ಗೋಡೆ ನೋಡಿ, "ಇಷ್ಟೊಂದು ಗೂನು ಬೆನ್ನಾ ನಂದು?" ಎಂದು ಕೇಳಿದಿರಿ. ಆಗಲೂ ನಕ್ಕರು.

ಆಮೇಲೆ ನೀವು ಬಗ್ಗಿ ಮೇಣದಬತ್ತಿಗಳನ್ನು ಒಂದೊಂದಾಗಿ ಸರಿಸಿ ಕೂರಲು ಹೋದಿರಿ. ಆಗ ಯಾರೂ ನಗಲಿಲ್ಲ. "ಹೂವು ತುಳೀಬೇಡಿ," ಅಂದರು ಒಬ್ಬರು. "ಗೋಡೆಗೆ ಒರಗ್ಬೇಡಿ, ಅಳಿಸಿಹೋಗುತ್ತೆ," ಅಂದರು ಇನ್ನೊಬ್ಬರು. ನೀವು ನನ್ನ ಕಡೆ ನೋಡಿದಿರಿ. ಚಿತ್ರ ನನ್ನದು, ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದೆ. "ಮಾಮ, ಸ್ವಲ್ಪ ಆ ಕಡೆ ಕೂತ್ಕೊಳ್ಳಿ, ಇನ್ನು ಕೆಲವೇ ದಿನ."

ಆ ಕಡೆ ಅಂದರೆ ಚರಂಡಿಯ ಪಕ್ಕ. ನೀವು ಪೆಟ್ಟಿಗೆಯ ಕೊಂಡಿ ಹಾಕಿದಿರಿ. "ಇರ್ಲಿ ಬಿಡಮ್ಮ, ಅವನೇ ಕೂತಿರ್ಲಿ," ಎಂದು ಗೋಡೆಯ ಕಡೆ ಕೈ ತೋರಿಸಿ ಹೊರಟುಹೋದಿರಿ. ಮತ್ತೆ ಮಗಳ ಮನೆಗೇ ಹೋದಿರಂತೆ.

ನಿನ್ನೆ ಬಕೆಟ್ಟು, ಪೊರಕೆ ತಂದು ನಿಮ್ಮ ನೆರಳನ್ನು ತೊಳೆದುಹಾಕಿದೆ. ಜನ ಮುತ್ತಿಕೊಂಡರು. "ಅಳಿಸೋಕೆ ನೀವ್ಯಾರು? ಇದು ನಮ್ಮ ಬೀದಿ!" ಎಂದು ಅಂಚೆಯಣ್ಣ ಕೂಗಾಡಿದರು. ಮಾಮ ಬದುಕಿದ್ದಾರೆ, ಕಣ್ಣಾರೆ ನೋಡಿದಿರಲ್ಲ ಅಂದೆ. "ಅದು ಗೊತ್ತು ಕಣಮ್ಮ. ಆದ್ರೂ ನೋಡೋಕೆ ಚೆನ್ನಾಗಿತ್ತು," ಅಂದರು ಬೇಕರಿಯಮ್ಮ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನನ್ನ ಹೊಟ್ಟೆಯಲ್ಲಿದ್ದ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದರು, ಅಷ್ಟೆ. ಕೆಲಸಕ್ಕೆಂದು ಬಂದು ನಿಂತ ನಿಮಗಿಂತ ಗೋಡೆಯ ಮೇಲಿನ ನಿಮ್ಮ ನೆರಳೇ ನನಗೂ ಚೆನ್ನಾಗಿ ಕಂಡಿತ್ತು. ಮಾಮ, ನನಗೆ ತುಂಬ ನಾಚಿಕೆಯಾಗುತ್ತಿದೆ. ನಿಮ್ಮ ಜಾಗ ಖಾಲಿಯಾಯಿತೆಂದು ಚಿತ್ರ ಬರೆದೆ, ನಿಜವಾಗಿ ಖಾಲಿ ಮಾಡಿಸಿದವಳು ನಾನೇ.

ಗೋಡೆ ಒಣಗಿದೆ, ಬನ್ನಿ ಎಂದು ಕರೆಯಲು ಇವತ್ತು ನಿಮ್ಮ ಮಗಳ ಮನೆಗೆ ಬಂದಿದ್ದೆ. ಅವರು ಬಾಗಿಲಲ್ಲೇ ನಿಂತು, "ಅಪ್ಪ ಮಲಗಿದ್ದಾರೆ," ಅಂದರು. ಒಳಕೋಣೆಯಿಂದ ಬೀಗದಕೈಯನ್ನು ಅರದಲ್ಲಿ ಉಜ್ಜುವ ಸದ್ದು ಬರುತ್ತಿತ್ತು. ನನ್ನ ದನಿ ಕೇಳಿದ್ದೇ ತಡ, ಸದ್ದು ನಿಂತಿತು. ಅವರು ಬಾಗಿಲು ಹಾಕಿಕೊಂಡರು. ನಾನು ಹೊರಗಿನ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಇಷ್ಟು ಹೊತ್ತಾದರೂ ಆ ಸದ್ದು ಮತ್ತೆ ಶುರುವಾಗಿಲ್ಲ.

ಕಾಗದವನ್ನು ಬಾಗಿಲ ಸಂದಿಯಲ್ಲಿಟ್ಟು ಹೋಗುತ್ತೇನೆ. ನಾನು ಹೋದೆ ಮಾಮ, ನೀವು ಕೆಲಸ ಮಾಡಿ. ಕಣ್ಣು ಜೋಪಾನ, ಕೈ ಗಟ್ಟಿಯಾಗಿರಲಿ.

ತಲೆ ತಗ್ಗಿಸಿಕೊಂಡು,
ಚಿತ್ರ ಬರೆದವಳು